ಅಪ್ಪ-ಅಮ್ಮನ ಜೊತೆ ರೋಮ್: ಮೆಟ್ರೊ ಎಷ್ಟು, ಬಸ್ ಎಷ್ಟು, ನಡಿಗೆ ಎಷ್ಟು?

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಶಿವಮೊಗ್ಗದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಸೆಪ್ಟೆಂಬರ್ ಕೊನೆಗೆ ಅವರನ್ನೂ ಎಂಟು ವರ್ಷದ ಮಗನನ್ನೂ ಕರೆದುಕೊಂಡು ನಾಲ್ಕು ದಿನ ರೋಮ್‌ಗೆ ಹೋಗುವ ಆಸೆ. ಅಪ್ಪ ಚೆನ್ನಾಗಿ ನಡೆಯುತ್ತಾರೆ, ಅಮ್ಮನಿಗೆ ಮಂಡಿ ನೋವು. ಮೆಟ್ರೊ ಪಾಸ್ ತೆಗೆದುಕೊಂಡರೆ ಎಲ್ಲಾ ಕಡೆ ಓಡಾಡಬಹುದಾ? ಎಲ್ಲಿ ಉಳಿದುಕೊಂಡರೆ ಒಳ್ಳೆಯದು? ವಿಮಾನ ನಿಲ್ದಾಣದಿಂದ ರೈಲೋ ಟ್ಯಾಕ್ಸಿಯೋ? ಜೇಬುಗಳ್ಳರ ವಿಷಯ ಕೇಳಿ ಸ್ವಲ್ಪ ಭಯವೂ ಇದೆ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಮೆಟ್ರೊ ಒಂದನ್ನೇ ನಂಬಿಕೊಂಡರೆ ರೋಮ್ ಅರ್ಧವೂ ಸಿಗುವುದಿಲ್ಲ. ಮ್ಯೂನಿಕ್‌ನಲ್ಲಿ ಮರಿಯನ್‌ಪ್ಲಾಟ್ಸ್‌ನಲ್ಲಿ ಇಳಿದು ಮೇಲೆ ಬಂದರೆ ಊರಿನ ನಡುವೆಯೇ ನಿಂತಿರುತ್ತೀರಿ, ಅಲ್ವಾ? ರೋಮ್‌ನಲ್ಲಿ ಹಾಗಿಲ್ಲ. ಪ್ಯಾಂಥಿಯನ್ ಎಂಬ ಹಳೇ ದೇಗುಲ, ಪಿಯಾತ್ಸಾ ನವೋನಾ ಚೌಕ, ತ್ರಾಸ್ತೆವೆರೆ ಬಡಾವಣೆ, ಈ ಮೂರರ ಹತ್ತಿರವೂ ಮೆಟ್ರೊ ನಿಲ್ದಾಣವಿಲ್ಲ. ಹಳೇ ಊರಿನ ಆ ಇಡೀ ಭಾಗಕ್ಕೆ ಬಸ್ಸೇ ಗತಿ, ಇಲ್ಲವೇ ನಡಿಗೆ.

ಕಾರಣ ನೆಲದ ಕೆಳಗಿದೆ. ರೋಮ್‌ನಲ್ಲಿ ಎಲ್ಲಿ ಅಗೆದರೂ ಹಳೆಯ ರೋಮ್ ಸಿಗುತ್ತದೆ. ಅಲ್ಲಿನ ಮೊದಲ ಮೆಟ್ರೊ ಲೈನ್ ಶುರುವಾಗಿದ್ದು 1955ರಲ್ಲಿ, ಇಟಲಿಗೇ ಅದು ಮೊದಲನೆಯದು. ಅದೇ ಈಗಿನ ಲೈನ್ ಬಿ. ಎರಡನೆಯದಾದ ಲೈನ್ ಎ ಬಂದಿದ್ದು 1980ರಲ್ಲಿ. ಎರಡೂ ಹಳೇ ಊರಿನ ಹೊಟ್ಟೆಯನ್ನು ತಪ್ಪಿಸಿಕೊಂಡೇ ಹೋಗುತ್ತವೆ. ಮೂರನೆಯದಾದ ಲೈನ್ ಸಿಗೆ ಪಿಯಾತ್ಸಾ ವೆನೇತ್ಸಿಯಾ ಹತ್ತಿರ ಅಗೆದಾಗ ಸಾಮ್ರಾಟ ಹೇಡ್ರಿಯನ್ ಕಾಲದ ಸಭಾಂಗಣಗಳೇ ಸಿಕ್ಕವು. ಹೀಗೆ ಏನಾದರೂ ಸಿಕ್ಕ ತಕ್ಷಣ ಕೆಲಸ ನಿಲ್ಲುತ್ತದೆ, ಪುರಾತತ್ವದವರು ಇಳಿಯುತ್ತಾರೆ. ಅಲ್ಲಿನ ಮೆಟ್ರೊ ಯಾಕಿಷ್ಟು ನಿಧಾನ ಎಂದು ಬೈಯುವವರಿದ್ದಾರೆ. ನನಗಂತೂ ಆ ನಿಧಾನ ಸರಿ ಅನಿಸುತ್ತದೆ. ಒಮ್ಮೆ ಒಡೆದದ್ದು ವಾಪಸ್ ಬರುವುದಿಲ್ಲ.

ನಿಮಗೆ ಅನುಕೂಲವಾಗುವ ಹೊಸ ಸಂಗತಿಯೊಂದಿದೆ. 2025ರ ಡಿಸೆಂಬರ್‌ನಲ್ಲಿ ಲೈನ್ ಸಿ ಕೊಲೊಸಿಯಂವರೆಗೆ ಬಂತು. ಸಾನ್ ಜೊವಾನ್ನಿ ಎಂಬ ನಿಲ್ದಾಣದಿಂದ ಪೋರ್ತಾ ಮೆತ್ರೊನಿಯಾ, ಆಮೇಲೆ ಕೊಲೊಸ್ಸೆಯೊ. ಎರಡನೇ ಸ್ಟಾಪ್‌ನಲ್ಲೇ ಕೊಲೊಸಿಯಂ. ಅದೇ ಸಾನ್ ಜೊವಾನ್ನಿಯಲ್ಲಿ ಲೈನ್ ಎ ಕೂಡ ಇದೆ. ಅದರಲ್ಲಿ ಹತ್ತಿದರೆ ತೆರ್ಮಿನಿ ರೈಲು ನಿಲ್ದಾಣ, ತ್ರೇವಿ ಕಾರಂಜಿಗೆ ಹತ್ತಿರದ ಬಾರ್ಬೆರಿನಿ, ಸ್ಪ್ಯಾನಿಶ್ ಸ್ಟೆಪ್ಸ್ ಇರುವ ಸ್ಪಾನ್ಯಾ, ವ್ಯಾಟಿಕನ್ ಕಡೆಯ ಒತ್ತಾವಿಯಾನೊ ಎಲ್ಲವೂ ಒಂದೇ ರೈಲಿನಲ್ಲಿ ಸಿಗುತ್ತವೆ.

ಅದಕ್ಕೇ, ಉಳಿಯುವುದು ಎಲ್ಲಿ ಎಂಬ ಪ್ರಶ್ನೆಗೆ ನನ್ನ ಉತ್ತರ ಸಾನ್ ಜೊವಾನ್ನಿ. ನೀವು ಕೇಳಿದ ಬೇರೆಲ್ಲ ಪ್ರಶ್ನೆಗಳಿಗಿಂತ ಇದು ಮುಖ್ಯ. ಮಂಡಿ ನೋವಿರುವ ಅಮ್ಮ ಜೊತೆಗಿದ್ದಾಗ ಪಾಸ್ ಯಾವುದು ಎನ್ನುವುದರಿಂದ ದಿನ ಕೆಡುವುದಿಲ್ಲ. ಸಂಜೆ ಸುಸ್ತಾಗಿ ರೂಮಿಗೆ ವಾಪಸ್ ಬರಲು ಎರಡು ಕಡೆ ಗಾಡಿ ಬದಲಿಸಬೇಕಾಗಿ ಬಂದರೆ ಖಂಡಿತ ಕೆಡುತ್ತದೆ. ಸಾನ್ ಜೊವಾನ್ನಿ ಸುತ್ತಮುತ್ತ ರೋಮ್‌ನವರೇ ವಾಸವಿರುವ ಬಡಾವಣೆ. ದಿನಸಿ ಅಂಗಡಿ, ಔಷಧಿ ಅಂಗಡಿ, ಬೇಕರಿ ಎಲ್ಲಾ ಕಾಲಳತೆಯಲ್ಲಿವೆ. ರಸ್ತೆಗಳೂ ಹೆಚ್ಚುಕಮ್ಮಿ ಸಮತಟ್ಟು. ಲೈನ್ ಸಿ ಹೊಸದಾದ್ದರಿಂದ ಅದರ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ. ಲೈನ್ ಎ ಹಳೆಯದು. ಅದರ ಎಲ್ಲಾ ನಿಲ್ದಾಣಗಳಲ್ಲೂ ಲಿಫ್ಟ್ ಇರುತ್ತದೆ ಎಂದುಕೊಂಡು ಹೊರಡಬೇಡಿ. ಎಸ್ಕಲೇಟರ್ ಕೆಟ್ಟು ನಿಂತಿರುವುದೂ ಉಂಟು. ಅಮ್ಮ ನಿಧಾನವಾಗಿ ಕೆಲವು ಮೆಟ್ಟಿಲು ಹತ್ತಿ ಇಳಿಯಬಲ್ಲರು ಎಂದಾದರೆ ಮಾತ್ರ ಎ ಹಿಡಿಯಿರಿ.

ತೆರ್ಮಿನಿ ಹತ್ತಿರ ಉಳಿಯುವುದು ಎರಡನೇ ಆಯ್ಕೆ. ಎ ಮತ್ತು ಬಿ ಲೈನ್ ಅಲ್ಲಿ ಸೇರುತ್ತವೆ, ಬಸ್ಸುಗಳೂ ಜಾಸ್ತಿ. ಆದರೆ ನಿಲ್ದಾಣದ ಸುತ್ತ ಗದ್ದಲ, ಹೋಟೆಲುಗಳೂ ಒಂದೊಂದು ಒಂದೊಂದು ತರ. ತ್ರಾಸ್ತೆವೆರೆ ಚಿತ್ರಗಳಲ್ಲಿ ತುಂಬಾ ಚೆಂದ ಕಾಣುತ್ತದೆ, ನಿಜಕ್ಕೂ ಚೆಂದವೇ. ಆದರೆ ರಾತ್ರಿ ಬಹಳ ಹೊತ್ತು ಜನರ ಗಲಾಟೆ, ಓಣಿಗಳಲ್ಲಿ ಏರುಪೇರಾದ ಕಲ್ಲುಹಾಸು, ಮೆಟ್ರೊ ಬೇರೆ ಇಲ್ಲ. ಅಪ್ಪ-ಅಮ್ಮನ ಜೊತೆ ಅಲ್ಲಿ ಒಂದು ಸಂಜೆ ಕಳೆಯಿರಿ, ಉಳಿಯಬೇಡಿ.

ಇನ್ನು ಟಿಕೆಟ್. ಮಾಮೂಲಿ ಟಿಕೆಟ್ ಬೆಲೆ 1.50 ಯೂರೋ, 100 ನಿಮಿಷ ನಡೆಯುತ್ತದೆ. ಆ ಹೊತ್ತಿನೊಳಗೆ ಎಷ್ಟು ಬಸ್, ಟ್ರಾಮ್ ಬೇಕಾದರೂ ಬದಲಿಸಬಹುದು. ಮೆಟ್ರೊ ಮಾತ್ರ ಒಂದೇ ಸಲ. ಒಳಗೇ ಎ ಇಂದ ಬಿಗೆ ಬದಲಿಸಿದರೆ ತೊಂದರೆ ಇಲ್ಲ. ಗೇಟ್ ದಾಟಿ ಹೊರಗೆ ಬಂದು ಮತ್ತೆ ಒಳಗೆ ಹೋಗಲು ಆಗುವುದಿಲ್ಲ, ಸಮಯ ಉಳಿದಿದ್ದರೂ ಆಗುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳು ಟಿಕೆಟ್ ಇರುವ ದೊಡ್ಡವರ ಜೊತೆ ಉಚಿತ. ಹಾಗಾಗಿ ಮಗನಿಗೆ ಟಿಕೆಟ್ ಬೇಡ. ನಿಮಗೆ ಬೇಕಾಗುವುದು ಮೂರು.

ಪಾಸ್ ಲಾಭವೋ ಅಲ್ಲವೋ ಎನ್ನುವುದು ಬರೀ ಲೆಕ್ಕ. ಪ್ರವಾಸಿಗರ ಪಾಸುಗಳ ಬೆಲೆ 2025ರ ಜುಲೈನಲ್ಲಿ ಏರಿತು. 24 ಗಂಟೆಯದ್ದು 8.50, 72 ಗಂಟೆಯದ್ದು 22 ಯೂರೋ ಆಯಿತು. ಮಾಮೂಲಿ ಟಿಕೆಟ್ ಹಳೇ ಬೆಲೆಯಲ್ಲೇ ಉಳಿಯಿತು. ಅಂದರೆ ಒಂದು ದಿನದ ಪಾಸ್ ಗಿಟ್ಟಬೇಕಾದರೆ ಆ ದಿನ ಆರು ಟಿಕೆಟ್ಟಿನಷ್ಟು ಓಡಾಡಬೇಕು. ವಯಸ್ಸಾದವರ ಜೊತೆ ಹೋದಾಗ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ವಾಪಸ್ ಒಂದು, ಹೆಚ್ಚೆಂದರೆ ನಾಲ್ಕು. ನಿಮಗೆ ಪಾಸ್ ಬೇಡ. ಬಿಡಿ ಟಿಕೆಟ್ಟುಗಳನ್ನೇ ಒಂದಷ್ಟು ಒಟ್ಟಿಗೆ ಕೊಂಡು ಪರ್ಸಿನಲ್ಲಿಟ್ಟುಕೊಳ್ಳಿ. ಮ್ಯೂಸಿಯಂ ಮತ್ತು ಓಡಾಟ ಸೇರಿಸಿ ಕೊಡುವ ರೋಮಾ ಪಾಸ್ ಎಂಬುದೂ ಇದೆ. ದಿನಕ್ಕೆರಡು ಮ್ಯೂಸಿಯಂ ನೋಡುವವರಿಗೆ ಅದು ಸರಿ. ಅದು ಕೈಯಲ್ಲಿದ್ದರೂ ಕೊಲೊಸಿಯಂಗೆ ಸಮಯ ಕಾದಿರಿಸಲೇಬೇಕು. ನಿಮ್ಮ ನಾಲ್ಕು ದಿನಕ್ಕೆ ನಾನು ಅದನ್ನು ಹೇಳುವುದಿಲ್ಲ.

ಟಿಕೆಟ್ ಸಿಗುವುದು ಮೆಟ್ರೊ ನಿಲ್ದಾಣದ ಯಂತ್ರಗಳಲ್ಲಿ, ಪೇಪರ್ ಅಂಗಡಿಗಳಲ್ಲಿ, ದೊಡ್ಡ ಟಿ ಅಕ್ಷರದ ಬೋರ್ಡ್ ಹಾಕಿರುವ ತಬಾಕಿ ಎಂಬ ಸಿಗರೇಟ್ ಅಂಗಡಿಗಳಲ್ಲಿ. ಬಸ್ ಡ್ರೈವರ್ ಟಿಕೆಟ್ ಕೊಡುವುದಿಲ್ಲ, ಕಂಡಕ್ಟರ್ ಅಂತೂ ಇರುವುದೇ ಇಲ್ಲ. ಬಸ್ ಹತ್ತಿದ ಕೂಡಲೇ ಒಳಗಿರುವ ಚಿಕ್ಕ ಯಂತ್ರಕ್ಕೆ ಟಿಕೆಟ್ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಜೇಬಿನಲ್ಲಿ ಟಿಕೆಟ್ ಇದ್ದು ಮುದ್ರೆ ಇಲ್ಲದಿದ್ದರೆ ಟಿಕೆಟ್ ಇಲ್ಲದ ಹಾಗೇ ಲೆಕ್ಕ. ದಂಡ 50 ಯೂರೋ ಮೀರುತ್ತದೆ. ತಪಾಸಣೆಯವರು ಬಂದರೆ ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ.

ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹೋಗುವ ವ್ಯವಸ್ಥೆಯೂ ಇದೆ. ಮೆಟ್ರೊ ಗೇಟುಗಳಲ್ಲೂ ಬಸ್ಸುಗಳಲ್ಲೂ ನಡೆಯುತ್ತದೆ. ಆದರೆ ಒಬ್ಬರಿಗೆ ಒಂದು ಕಾರ್ಡ್. ನಿಮ್ಮ ಒಂದೇ ಕಾರ್ಡನ್ನು ಮೂರು ಸಲ ತಾಗಿಸಿ ಮೂವರನ್ನೂ ಒಳಗೆ ಬಿಡಿಸಲು ಆಗುವುದಿಲ್ಲ. ಇನ್ನೊಂದು, ಬೆಳಗ್ಗೆ ಫೋನ್ ತಾಗಿಸಿ ಮಧ್ಯಾಹ್ನ ಅದೇ ಖಾತೆಯ ಕಾರ್ಡ್ ತಾಗಿಸಿದರೆ ಯಂತ್ರ ಅವನ್ನು ಬೇರೆಬೇರೆ ಎಂದೇ ಎಣಿಸುತ್ತದೆ. ಅಪ್ಪನ ಭಾರತದ ಕಾರ್ಡ್ ಬಳಸುವುದಾದರೆ ಊರು ಬಿಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶ ಬಳಕೆಯನ್ನೂ ತಾಗಿಸಿ ಪಾವತಿ ಮಾಡುವುದನ್ನೂ ಆನ್ ಮಾಡಿಸಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ಇವು ತಾವಾಗಿಯೇ ಆನ್ ಇರುವುದಿಲ್ಲ. ಇಷ್ಟೆಲ್ಲ ತಲೆನೋವು ಬೇಡ ಎನಿಸಿದರೆ ಅಪ್ಪ-ಅಮ್ಮನ ಕೈಗೆ ಕಾಗದದ ಟಿಕೆಟ್ ಕೊಡಿ. ಅವರಿಗೂ ಸಲೀಸು.

ಬಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಬಸ್ ಸ್ಟಾಪಿಗೆ ಅಲ್ಲಿ ಫೆರ್ಮಾತಾ ಅನ್ನುತ್ತಾರೆ. ಕಂಬದ ಮೇಲಿನ ಫಲಕದಲ್ಲಿ ಒಂದೊಂದು ನಂಬರಿನ ಕೆಳಗೂ ಆ ಬಸ್ ಹೋಗುವ ಸ್ಟಾಪುಗಳ ಪಟ್ಟಿ ಇರುತ್ತದೆ. ನೀವು ನಿಂತಿರುವ ಸ್ಟಾಪಿಗೆ ಗುರುತು ಹಾಕಿರುತ್ತಾರೆ. ಬಸ್ ಅದರಿಂದ ಕೆಳಗಿನ ಹೆಸರುಗಳ ಕಡೆಗೆ ಹೋಗುತ್ತದೆ. ನೀವು ಹೋಗಬೇಕಾದ ಜಾಗ ಗುರುತಿನ ಮೇಲಿದ್ದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ಹತ್ತಬೇಕು. ಬಸ್ ಬರುವುದು ಕಂಡ ಕೂಡಲೇ ಕೈ ತೋರಿಸಿ, ಸುಮ್ನೆ ನಿಂತಿದ್ದರೆ ಮುಂದಕ್ಕೆ ಹೋಗಿಬಿಡಬಹುದು. ಹತ್ತುವುದು ಮುಂದಿನ ಅಥವಾ ಹಿಂದಿನ ಬಾಗಿಲಲ್ಲಿ, ಇಳಿಯುವುದು ನಡುವಿನ ಬಾಗಿಲಲ್ಲಿ. ಇಳಿಯುವ ಮೊದಲು ಕಂಬದ ಮೇಲಿನ ಗುಂಡಿ ಒತ್ತಬೇಕು. ಸಮಯದ ವಿಷಯದಲ್ಲಿ ಜರ್ಮನಿಯ ಲೆಕ್ಕ ಇಟ್ಟುಕೊಳ್ಳಬೇಡಿ. ಸ್ಟಾಪಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಬೇಕಾಗಿ ಬಂದರೆ ಅದು ಅಲ್ಲಿ ಮಾಮೂಲಿ. ಹತ್ತಿರದಲ್ಲೇ ಅಮ್ಮನಿಗೆ ಕೂರಲು ಜಾಗ ನೋಡಿಕೊಂಡು ಕಾಯಿರಿ.

ನಿಮಗೆ ನಿಜವಾಗಿ ಬೇಕಾಗುವ ನಂಬರುಗಳು ಕೆಲವೇ. ತೆರ್ಮಿನಿಯಿಂದ ಪಿಯಾತ್ಸಾ ವೆನೇತ್ಸಿಯಾ, ಲಾರ್ಗೊ ಅರ್ಜೆಂತಿನಾ ದಾಟಿ ವ್ಯಾಟಿಕನ್ ಕಡೆಗೆ 64 ಮತ್ತು 40 ಹೋಗುತ್ತವೆ. 40 ಎಕ್ಸ್‌ಪ್ರೆಸ್, ಸ್ಟಾಪ್ ಕಡಿಮೆ. ಎರಡೂ ಬಂದರೆ 40 ಹತ್ತಿ. ಪಿಯಾತ್ಸಾ ವೆನೇತ್ಸಿಯಾದಿಂದ ತ್ರಾಸ್ತೆವೆರೆಗೆ 8ನೇ ನಂಬರಿನ ಟ್ರಾಮ್. ಹಳಿ ಕೆಲಸ ನಡೆಯುವಾಗ ಅದರ ಬದಲು ಬಸ್ ಓಡಿಸುತ್ತಾರೆ, ಟಿಕೆಟ್ ಅದೇ.

ದಿನವನ್ನು ಹೀಗೆ ಹೊಂದಿಸಿಕೊಳ್ಳಿ: ಬೆಳಗ್ಗೆ ಒಂದು ದೂರದ ಸವಾರಿ, ಆಮೇಲೆ ಒಂದೇ ಭಾಗದಲ್ಲಿ ನಿಧಾನವಾಗಿ ನಡಿಗೆ, ಸಂಜೆ ಒಂದು ಸವಾರಿಯಲ್ಲಿ ವಾಪಸ್. ಬೆಳಗ್ಗೆ ವ್ಯಾಟಿಕನ್, ಮಧ್ಯಾಹ್ನ ಕೊಲೊಸಿಯಂ, ಸಂಜೆ ತ್ರೇವಿ ಎಂದು ಊರಿಡೀ ಓಡಾಡಿದರೆ ನೋಡಿದ್ದಕ್ಕಿಂತ ಕಾದಿದ್ದೇ ಜಾಸ್ತಿ ಆಗುತ್ತದೆ.

ನನಗೆ ತುಂಬಾ ಇಷ್ಟವಾದ ದಾರಿ ಒಂದನ್ನು ಹೇಳುತ್ತೇನೆ. ಬೆಳಗ್ಗೆ ಎಂಟರೊಳಗೆ ಲೈನ್ ಎಯಲ್ಲಿ ಬಾರ್ಬೆರಿನಿಗೆ ಬಂದು ಇಳಿಯಿರಿ. ಅಲ್ಲಿಂದ ತ್ರೇವಿ ಕಾರಂಜಿಗೆ ಇಳಿಜಾರು ದಾರಿ, ಮಂಡಿಗೆ ಏರು ಇಲ್ಲ. ಅಷ್ಟು ಬೆಳಗ್ಗೆ ಹೋದರೆ ಮಾತ್ರ ಕಾರಂಜಿಯ ನೀರಿನ ಸದ್ದು ಕಿವಿಗೆ ಬೀಳುತ್ತದೆ, ಆಮೇಲೆ ಬರೀ ಜನರ ಸದ್ದು. ಅಲ್ಲಿಂದ ಒಳ ಓಣಿಗಳಲ್ಲಿ ಪ್ಯಾಂಥಿಯನ್. ಸುಮಾರು 1,900 ವರ್ಷ ಹಳೆಯ ಗುಮ್ಮಟ, ಉಕ್ಕಿನ ಸರಳು ಹಾಕದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಜಗತ್ತಿನಲ್ಲೇ ದೊಡ್ಡದು. ಒಳಗೆ ಕೂರಲು ಬೆಂಚುಗಳಿವೆ. ಅಮ್ಮ ಕೂತುಕೊಂಡೇ ಮೇಲಿನ ತೆರೆದ ಕಂಡಿಯಿಂದ ಇಳಿಯುವ ಬೆಳಕು ನೋಡಲಿ. ಆಮೇಲೆ ಐದಾರು ನಿಮಿಷ ನಡೆದರೆ ಪಿಯಾತ್ಸಾ ನವೋನಾ. ಅಲ್ಲಿಂದ ಕಾರ್ಸೊ ವಿತ್ತೋರಿಯೊ ರಸ್ತೆಗೆ ಬಂದು 64 ಹತ್ತಿದರೆ ತೆರ್ಮಿನಿ, ಆಮೇಲೆ ಎ ಹಿಡಿದು ಸಾನ್ ಜೊವಾನ್ನಿ. ಎಲ್ಲರ ಕಾಲಿಗೂ ಗಟ್ಟಿ ಶೂ ಇರಲಿ. ಆ ಓಣಿಗಳಲ್ಲಿ ಹಾಸಿರುವ ಕರಿಯ ಚೌಕ ಕಲ್ಲುಗಳು ಚಪ್ಪಲಿಗೆ ಆಗಿಬರುವುದಿಲ್ಲ. ಸ್ಪ್ಯಾನಿಶ್ ಸ್ಟೆಪ್ಸ್‌ಗೆ ಹೋದರೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳೋಣ ಎಂದುಕೊಳ್ಳಬೇಡಿ. 2019ರಿಂದ ಅಲ್ಲಿ ಕೂತರೆ ದಂಡ. ಕುಡಿಯುವ ನೀರಿಗೆ ದುಡ್ಡು ಖರ್ಚು ಮಾಡಬೇಡಿ. ಊರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೀದಿ ನಲ್ಲಿಗಳಿವೆ, ಸದಾ ತಣ್ಣನೆ ಕುಡಿಯುವ ನೀರು ಹರಿಯುತ್ತಿರುತ್ತದೆ. ಖಾಲಿ ಬಾಟಲಿ ಇದ್ದರೆ ಸಾಕು.

ವ್ಯಾಟಿಕನ್‌ಗೆ ಬುಧವಾರ ಬೆಳಗ್ಗೆ ಹೋಗಬೇಡಿ. ಪೋಪ್ ರೋಮ್‌ನಲ್ಲಿದ್ದರೆ ಅವತ್ತು ಚೌಕದಲ್ಲಿ ಅವರ ಸಾರ್ವಜನಿಕ ದರ್ಶನ ಇರುತ್ತದೆ, ಜನಜಂಗುಳಿ ವಿಪರೀತ. ಒತ್ತಾವಿಯಾನೊದಿಂದ ಸೇಂಟ್ ಪೀಟರ್ಸ್‌ಗೆ ಹತ್ತು ನಿಮಿಷದ ಸಮತಟ್ಟು ನಡಿಗೆ, ಅಮ್ಮನಿಗಾದರೆ ಹದಿನೈದು. ಚರ್ಚಿನೊಳಗೆ ಭುಜ, ಮಂಡಿ ಮುಚ್ಚಿರಬೇಕು. ಅಮ್ಮನ ಸೀರೆಗೆ ತೊಂದರೆಯೇ ಇಲ್ಲ.

ಭಾನುವಾರ ಕೊಲೊಸಿಯಂ ಮುಂದಿನ ದೊಡ್ಡ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ನಡೆಯಲು ಸೊಗಸು, ಆದರೆ ಬಸ್ಸುಗಳು ಬೇರೆ ದಾರಿ ಹಿಡಿಯುತ್ತವೆ. ಅವತ್ತು ಮೆಟ್ರೊದಲ್ಲೇ ಹೋಗಿ. ಕೊಲೊಸ್ಸೆಯೊದ ಲೈನ್ ಸಿ ನಿಲ್ದಾಣದಲ್ಲಿ ಅಗೆಯುವಾಗ ಸಿಕ್ಕ ಹಳೇ ಬಾವಿಗಳನ್ನೂ ಸ್ನಾನದ ಮನೆಯೊಂದರ ಅವಶೇಷವನ್ನೂ ಹಾಗೇ ಉಳಿಸಿ ತೋರಿಸಿದ್ದಾರೆ. ಸಾನ್ ಜೊವಾನ್ನಿಯಲ್ಲೂ ಕೆಳಗಿಳಿಯುತ್ತಾ ಹೋದಂತೆ ಆಯಾ ಆಳದಲ್ಲಿ ಸಿಕ್ಕ ವಸ್ತುಗಳನ್ನು ಜೋಡಿಸಿದ್ದಾರೆ. ಮಗನಿಗೆ ಇವನ್ನು ತಪ್ಪದೆ ತೋರಿಸಿ. ಇದಕ್ಕೆ ಬೇರೆ ಟಿಕೆಟ್ಟೇ ಬೇಡ. ಲೈನ್ ಸಿ ರೈಲಿಗೆ ಡ್ರೈವರ್ ಇಲ್ಲ, ಮುಂದಿನ ಗಾಜಿನ ಹತ್ತಿರ ನಿಲ್ಲಿಸಿದರೆ ಸುರಂಗ ನೋಡುತ್ತಾ ಹೋಗುತ್ತಾನೆ.

ನಾಲ್ಕನೇ ದಿನಕ್ಕೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪೊಂಪೆ ಪಟ್ಟಣದ ಬಗ್ಗೆ ಯೋಚಿಸುತ್ತಿದ್ದರೆ ಬಿಟ್ಟುಬಿಡಿ, ಒಂದೇ ದಿನದಲ್ಲಿ ಹೋಗಿಬರಲು ಅಮ್ಮನಿಗೆ ಕಷ್ಟ. ಬದಲಿಗೆ ಓಸ್ತಿಯಾ ಆಂತೀಕಾಗೆ ಹೋಗಿ. ಹಳೇ ರೋಮ್‌ನ ಬಂದರು ಪಟ್ಟಣ. ಮನೆ, ಅಂಗಡಿ, ನಾಟಕಶಾಲೆ, ಸಾಲಾಗಿ ಕೂರುವ ಸಾರ್ವಜನಿಕ ಕಕ್ಕಸು ಸಹಿತ ಉಳಿದಿದೆ, ಪೈನ್ ಮರಗಳ ನೆರಳೂ ಇದೆ. ಲೈನ್ ಬಿಯಲ್ಲಿ ಪಿರಾಮಿದೆಗೆ ಹೋಗಿ, ಪಕ್ಕದ ಪೋರ್ತಾ ಸಾನ್ ಪಾವೊಲೊ ನಿಲ್ದಾಣದಲ್ಲಿ ಓಸ್ತಿಯಾ ರೈಲು ಹತ್ತಿದರೆ ಅರ್ಧ ಗಂಟೆ. ಅದಕ್ಕೂ ಅದೇ ಒಂದೂವರೆ ಯೂರೋ ಟಿಕೆಟ್ ನಡೆಯುತ್ತದೆ. ಸೋಮವಾರ ಮಾತ್ರ ಮುಚ್ಚಿರುತ್ತದೆ.

ಜೇಬುಗಳ್ಳರು ಇದ್ದಾರೆ, ಅದು ಸುಳ್ಳಲ್ಲ. ಆದರೆ ಅವರು ಎಲ್ಲಿರುತ್ತಾರೆ, ಹೇಗೆ ಮಾಡುತ್ತಾರೆ ಎಂದು ಗೊತ್ತಿದ್ದರೆ ಹೆದರಿಕೊಂಡು ತಿರುಗಬೇಕಿಲ್ಲ. ತೆರ್ಮಿನಿ ನಿಲ್ದಾಣ, ಅಲ್ಲಿಂದ ವ್ಯಾಟಿಕನ್ ಕಡೆಗಿನ ಲೈನ್ ಎ ಮತ್ತು 64 ನಂಬರಿನ ಬಸ್, ಈ ಮೂರು ಕಡೆ ಜಾಸ್ತಿ. ರೈಲಿನ ಬಾಗಿಲು ಮುಚ್ಚುವ ಹೊತ್ತಿಗೆ ನೂಕುನುಗ್ಗಲು ಮಾಡಿ, ತೆಗೆದುಕೊಂಡು ಇಳಿದುಬಿಡುತ್ತಾರೆ. ಅದಕ್ಕೇ ಬಾಗಿಲ ಬಳಿ ನಿಲ್ಲಬೇಡಿ, ಒಳಗೆ ಹೋಗಿ. ತುಂಬಿದ ಗಾಡಿ ಬಂದರೆ ಬಿಟ್ಟುಬಿಡಿ, ಇನ್ನೊಂದು ಬರುತ್ತದೆ. ಟಿಕೆಟ್ ಯಂತ್ರದ ಹತ್ತಿರ ತಾವಾಗಿ ಬಂದು ಗುಂಡಿ ಒತ್ತಿಕೊಡುವವರಿಗೆ ನಗುತ್ತಲೇ ಬೇಡ ಎನ್ನಿ. ಅಪ್ಪ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಪರ್ಸ್ ಇಡುವ ಅಭ್ಯಾಸ ಇದ್ದರೆ ನಾಲ್ಕು ದಿನ ಬಿಡಿಸಿ. ಅಮ್ಮನ ಬಂಗಾರದ ಸರ ಮ್ಯೂನಿಕ್‌ನಲ್ಲೇ ಇರಲಿ. ಪಾಸ್‌ಪೋರ್ಟ್ ಮತ್ತು ವೀಸಾದ ಚಿತ್ರ ಎಲ್ಲರ ಫೋನಿನಲ್ಲೂ ಇರಲಿ. ಕಳೆದುಹೋದರೆ ಮೊದಲು ಪೊಲೀಸ್ ದೂರು, ಆಮೇಲೆ ತೆರ್ಮಿನಿಗೆ ಹತ್ತಿರದಲ್ಲೇ ವಿಯಾ ವೆಂತಿ ಸೆತ್ತೆಂಬ್ರೆ ರಸ್ತೆಯಲ್ಲಿರುವ ಭಾರತದ ರಾಯಭಾರ ಕಚೇರಿ. ತುರ್ತು ಕರೆಗೆ 112.

ಮುಷ್ಕರದ ಬಗ್ಗೆಯೂ ತಿಳಿದಿರಲಿ. ಅಲ್ಲಿ ಶೋಪೆರೊ ಅನ್ನುತ್ತಾರೆ. ಮೊದಲೇ ದಿನಾಂಕ ಹೇಳಿಯೇ ಮಾಡುತ್ತಾರೆ, ಹೆಚ್ಚಾಗಿ ಶುಕ್ರವಾರ. ಆ ದಿನವೂ ಬೆಳಗ್ಗೆ ಎಂಟೂವರೆವರೆಗೆ ಮತ್ತು ಸಂಜೆ ಐದರಿಂದ ಎಂಟರವರೆಗೆ ಊರಿನ ಬಸ್, ಮೆಟ್ರೊ ಓಡಲೇಬೇಕು ಎಂಬ ಕಟ್ಟುಪಾಡಿದೆ. ಎಂಟರೊಳಗೆ ಹೊರಟು, ಐದರ ಮೇಲೆ ವಾಪಸ್ ಬಂದರೆ ನಿಮ್ಮ ದಿನ ಕೆಡುವುದಿಲ್ಲ. ಮಾಮೂಲಿ ದಿನಗಳಲ್ಲಿ ಮೆಟ್ರೊ ಬೆಳಗ್ಗೆ ಐದೂವರೆಯಿಂದ ರಾತ್ರಿ ಹನ್ನೊಂದೂವರೆವರೆಗೆ. ಶುಕ್ರವಾರ, ಶನಿವಾರ ಒಂದೂವರೆವರೆಗೆ.

ಕೊನೆಗೆ ವಿಮಾನ ನಿಲ್ದಾಣ. ಫ್ಯೂಮಿಚೀನೊದಿಂದ ತೆರ್ಮಿನಿಗೆ ಲಿಯೊನಾರ್ದೊ ಎಕ್ಸ್‌ಪ್ರೆಸ್ ರೈಲು 32 ನಿಮಿಷ, ತಲೆಗೆ 14 ಯೂರೋ. ಮೂವರು ದೊಡ್ಡವರಿಗೆ 42 ಆಯಿತು. ಆಮೇಲೆ ತೆರ್ಮಿನಿಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಉದ್ದ ನಡೆದು ಮೆಟ್ರೊಗೆ ಇಳಿಯಬೇಕು. ಬಿಳಿ ಟ್ಯಾಕ್ಸಿಗೆ ಹಳೇ ಕೋಟೆಗೋಡೆಯ ಒಳಗಿನ ಯಾವ ವಿಳಾಸಕ್ಕಾದರೂ 55 ಯೂರೋ ಎಂದು ನಗರಸಭೆಯೇ ನಿಗದಿ ಮಾಡಿದೆ, ಇಡೀ ಗಾಡಿಗೆ, ಲಗೇಜ್ ಸೇರಿ. 13 ಯೂರೋ ವ್ಯತ್ಯಾಸಕ್ಕೆ ಅಮ್ಮನನ್ನು ಅಷ್ಟು ಸುಸ್ತು ಮಾಡುವುದು ಬೇಡ, ಟ್ಯಾಕ್ಸಿ ಹಿಡಿಯಿರಿ. ಸಾನ್ ಜೊವಾನ್ನಿ ನಿಲ್ದಾಣ ಆ ಗೋಡೆಯ ಅಂಚಿನಲ್ಲೇ ಇದೆ. ರೂಮು ಕಾದಿರಿಸುವಾಗ ವಿಳಾಸ ಗೋಡೆಯ ಒಳಗೋ ಹೊರಗೋ ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ. ಹೊರಗಾದರೆ ಈ ದರ ಅನ್ವಯಿಸುವುದಿಲ್ಲ, ಮೀಟರ್ ಹಾಕುತ್ತಾರೆ. ಬಾಗಿಲಲ್ಲೇ ಬಂದು ಟ್ಯಾಕ್ಸಿ ಬೇಕಾ ಎಂದು ಕೇಳುವವರ ಹಿಂದೆ ಹೋಗಬೇಡಿ. ಹೊರಗಿನ ಸಾಲಿನಲ್ಲಿ ನಿಂತು, ಹತ್ತುವ ಮೊದಲು ದರ ಕೇಳಿ ಖಚಿತ ಮಾಡಿಕೊಳ್ಳಿ. ವಾಪಸ್ ಹೋಗುವಾಗಲೂ ಇದೇ ದರ. ಹಿಂದಿನ ರಾತ್ರಿಯೇ ಹೋಟೆಲಿನವರಿಗೆ ಹೇಳಿ ಟ್ಯಾಕ್ಸಿ ಗೊತ್ತು ಮಾಡಿಸಿಡಿ.